ಫಕೀರವ್ವನ ಪುಟ

ನಾನು ಒಂದು ಪುಟ. ಕಾಗದದ್ದಲ್ಲ, ಮೊಬೈಲಿನಲ್ಲಿ ಬೆರಳಾಡಿಸಿದರೆ ತೆರೆದುಕೊಳ್ಳುವ ಜಾತಿಯದು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ 'ಫಕೀರವ್ವನ ಖಡಕ್ ರೊಟ್ಟಿ' ಎಂಬ ಮನೆವ್ಯಾಪಾರವಿದೆ. ಅವರ ವೆಬ್‌ಸೈಟಿನಲ್ಲಿ 'ನಮ್ಮ ಬಗ್ಗೆ' ಎಂದು ಒತ್ತಿದರೆ ಬರುವುದು ನಾನೇ. ನನ್ನನ್ನು ಮಡಚಲು ಬರುವುದಿಲ್ಲ, ಹರಿಯಲು ಬರುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕದಿಯಲು ಮಾತ್ರ ಬರುತ್ತದೆ. ಅದಕ್ಕೆ ಗೋಡೆ ಹಾರಬೇಕಿಲ್ಲ, ನಾಯಿಗೆ ಹೆದರಬೇಕಿಲ್ಲ, ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಕದಿಯಬಹುದು. ಅಂಥ ಧೈರ್ಯವಂತರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ನಾನು ಹುಟ್ಟಿದ್ದು ಒಲೆಯ ಮುಂದೆ. ಅತ್ತೆ ಫಕೀರವ್ವ ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಸೊಸೆ ಸುವರ್ಣಾ ಮೊಬೈಲು ಹಿಡಿದು ಎದುರಿಗೆ ಕೂತಿದ್ದಳು. ವೆಬ್‌ಸೈಟು ಮಾಡಿಕೊಡಲು ಒಪ್ಪಿದ್ದ ಡಿಟಿಪಿ ಅಂಗಡಿಯವನು, 'ನಮ್ಮ ಬಗ್ಗೆ' ಎನ್ನುವಲ್ಲಿ ಏನಾದರೂ ಬರೆದು ಕೊಡಿ, ಇಲ್ಲದಿದ್ದರೆ ನನ್ನ ಹತ್ತಿರ ಒಂದು ಸಾಲು ತಯಾರಿದೆ ಎಂದಿದ್ದ. ಆ ತಯಾರಿ ಸಾಲು 'ಗುಣಮಟ್ಟವೇ ನಮ್ಮ ಧ್ಯೇಯ'. ಸುವರ್ಣಾ ಅದನ್ನು ಅತ್ತೆಗೆ ಓದಿ ಹೇಳಿದಳು.

"ಹಂಗಂದ್ರ ಏನು? ಅದನ್ನ ಹಚ್ಚಿಕೊಂಡು ತಿಂತಾರೇನು?" ಅಂದಳು ಫಕೀರವ್ವ.

ಆ ಸಾಲು ಅಲ್ಲಿಗೇ ಸತ್ತಿತು. ನೀನೇ ಹೇಳು ಹಾಗಾದರೆ ಎಂದು ಸೊಸೆ ಕೇಳಿದಳು. ಮುದುಕಿ ಹೇಳುತ್ತ ಹೋದಳು, ಸೊಸೆ ಒತ್ತುತ್ತ ಹೋದಳು. ಮನೆಯ ಮಗ್ಗ ನಿಂತುಹೋದ ವರ್ಷ ಫಕೀರವ್ವ ಗದಗಿನ ಕಾಲೇಜು ಹುಡುಗರ ರೂಮುಗಳಿಗೆ ರೊಟ್ಟಿ ಮಾರಲು ಹೊರಟಳಂತೆ. ಮೊದಲ ದಿನವೇ ಬಸ್ಸಿನಲ್ಲಿ ಯಾರೋ ಪುಣ್ಯಾತ್ಮ ಅವಳ ಬುಟ್ಟಿಯ ಮೇಲೆ ಕೂತುಬಿಟ್ಟ. ರೊಟ್ಟಿಯೆಲ್ಲ ಚೂರು ಚೂರು. ಅವಳು ಅಳಲಿಲ್ಲ, ಚೂರನ್ನೇ ಶೇಂಗಾ ಚಟ್ನಿಯ ಜೊತೆ ಕಲಸಿ ಮಾರಿ ಬಂದಳು. ಮರುದಿನ ಹುಡುಗರು ಚೂರೇ ಬೇಕೆಂದು ಕೇಳಿದರು. ಅದು ಹಾಗೇ ನನ್ನೊಳಗೆ ಬಂತು. ಜೊತೆಗೆ ಇನ್ನೆರಡು ಮಾತು: ನಮ್ಮ ರೊಟ್ಟಿ ಮುರಿದರೆ ಸದ್ದು ಪಕ್ಕದ ಮನೆಗೆ ಕೇಳಬೇಕು. ಮಳೆಗಾಲದಲ್ಲಿ ಕೇಳುವುದಿಲ್ಲ, ಅದು ನಮ್ಮ ತಪ್ಪಲ್ಲ, ಹಂಚಿನ ಮೇಲೆ ಒಂದು ಗಳಿಗೆ ಇಟ್ಟು ತಿನ್ನಿರಿ. ಕೊನೆಗೆ ಒಂದು ಫೋಟೋ. ತಲೆಯ ಮೇಲೆ ಸೆರಗು, ಗಲ್ಲಕ್ಕೆ ಹಿಟ್ಟು, ಮುಂದಿನ ಎರಡು ಹಲ್ಲಿಲ್ಲದ ನಗು.

ಸುವರ್ಣಾ ಶಾಲೆ ಬಿಟ್ಟ ಮೇಲೆ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ನಾನು ಅವಳ ಮೊದಲ ಬರಹ. ತೆರೆದುಕೊಂಡ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅದೆಷ್ಟು ಸಲ ಓದಿದಳೋ. ಅವಳ ಗಂಡ ಗೂಡ್ಸ್ ಟೆಂಪೋ ಓಡಿಸುವವನು. ಅವನೂ ಓದಿ, 'ಹೂಂ' ಅಂದ. ಅವನ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ. ಆಮೇಲೆ ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ.

ನಾಲ್ಕೈದು ವರ್ಷ ನಾನು ಸುಖವಾಗಿದ್ದೆ. ಜನ ರೊಟ್ಟಿ ಕೊಳ್ಳಲು ಬಂದು ನನ್ನನ್ನು ಓದಿ ಹೋಗುತ್ತಿದ್ದರು. ಪುಣೆಯಿಂದ ಒಬ್ಬರು ಫೋನು ಮಾಡಿ, ಬುಟ್ಟಿಯ ಮೇಲೆ ಕೂತವನು ಆಮೇಲೆ ಸಿಕ್ಕನೇ ಎಂದು ಕೇಳಿದ್ದರು. ಸಿಕ್ಕಿದ್ದರೆ ಅವನಿಗೂ ಒಂದು ರೊಟ್ಟಿ ಕೊಡುತ್ತಿದ್ದೆ ಎಂದು ಫಕೀರವ್ವ ಹಿಂದಿನಿಂದ ಕೂಗಿ ಹೇಳಿದಳು.

ಇನ್ನು ಹುಬ್ಬಳ್ಳಿಯ ಚಿದಾನಂದನ ವಿಷಯ. ಹೆಸರು ಹೇಳಲೂ ನನಗೆ ಹೇಸಿಗೆ, ಆದರೆ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. 'ತವಾಸಿರಿ ಫುಡ್ಸ್' ಎಂಬ ಗಾಜಿನ ಅಂಗಡಿ ಅವನದು. ಅಲ್ಲಿ ರೊಟ್ಟಿ ಬಡಿಯುವವರು ಯಾರೂ ಇಲ್ಲ, ಯಂತ್ರದ ಬಾಯಿಂದ ಒಂದೇ ಅಚ್ಚಿನ ರೊಟ್ಟಿ ಉದುರುತ್ತವೆ. ಯಂತ್ರ ಇಟ್ಟುಕೊಳ್ಳುವುದು ತಪ್ಪೇನಲ್ಲ. ಹೌದಪ್ಪ, ನಮ್ಮದು ಯಂತ್ರದ ರೊಟ್ಟಿ ಎಂದು ಬರೆದುಕೊಂಡಿದ್ದರೆ ನನಗೂ ಅವನಿಗೂ ಸಂಬಂಧವೇ ಇರಲಿಲ್ಲ. ಆದರೆ ಅವನಿಗೆ ಒಲೆ ಬೇಕಿತ್ತು, ಅಜ್ಜಿ ಬೇಕಿತ್ತು, ಬಡತನವೂ ಬೇಕಿತ್ತು. ಬೇರೆಯವರು ಪಟ್ಟ ಬಡತನ ಅವನಿಗೆ ಸಿದ್ಧ ಅಡುಗೆಯ ಹಾಗೆ ಸಿಕ್ಕಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ಎತ್ತಿಕೊಂಡು ಹೋಗಿ ತನ್ನ ವೆಬ್‌ಸೈಟಿನಲ್ಲಿ ಇಳಿಸಿಕೊಂಡ.

ಕದಿಯುವುದಕ್ಕೂ ಒಂದಿಷ್ಟು ದುಡಿಮೆ ಬೇಡವೇ? ಬೆಟಗೇರಿ ಇದ್ದಲ್ಲಿ ಹುಬ್ಬಳ್ಳಿ ಮಾಡಿದ, ಫಕೀರವ್ವ ಇದ್ದಲ್ಲಿ 'ನಮ್ಮ ಅಜ್ಜಿ ಪಾರ್ವತಮ್ಮ' ಮಾಡಿದ, ಅಷ್ಟಕ್ಕೇ ಅವನಿಗೆ ಆಯಾಸವಾಗಿರಬೇಕು. ನಡುವೆ ಒಂದು ಕಡೆ 'ನಮ್ಮ ಅತ್ತಿ' ಹಾಗೇ ಉಳಿದುಕೊಂಡಿತು. ಮೇಲಿನ ಸಾಲಿನಲ್ಲಿ ಅಜ್ಜಿಯಾಗಿದ್ದವಳು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಅವನಿಗೆ ಅತ್ತೆಯಾಗಿದ್ದಳು. ಅವನ ಅಂಗಡಿಯಲ್ಲಿ ಅದನ್ನು ಓದಿ ನೋಡುವವರು ಒಬ್ಬರೂ ಇರಲಿಲ್ಲ. ಬುಟ್ಟಿಯ ಮೇಲೆ ಕೂತವನು ಅಲ್ಲೂ ಕೂತಿದ್ದ. ಮಳೆಗಾಲದ ಮಾತನ್ನು ಮಾತ್ರ ತೆಗೆದುಹಾಕಿದ್ದ, ಏಕೆಂದರೆ ಅದು ನಿಜವಾಗಿತ್ತು.

ಫೋಟೋವನ್ನೂ ಬಿಡಲಿಲ್ಲ. ಬದುಕಿರುವ ಅಜ್ಜಿಗಿಂತ ಸತ್ತ ಅಜ್ಜಿಗೆ ಗಿರಾಕಿಗಳು ಬೇಗ ಕರಗುತ್ತಾರೆ ಎಂದು ಅವನಿಗೆ ಯಾರು ಹೇಳಿಕೊಟ್ಟರೋ. ಫಕೀರವ್ವನ ನಗುಮುಖದ ಸುತ್ತ ಗಂಧದ ಹಾರ ಬರೆಸಿ, ಕೆಳಗೆ 'ಇತ್ತೀಚೆಗೆ ನಮ್ಮನ್ನಗಲಿದ ಅಜ್ಜಿಯ ಕೈರುಚಿ' ಎಂದು ಹಾಕಿಸಿದ. ನೆನೆದರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಇದು ನಮಗೆ ಗೊತ್ತಾದದ್ದು ಫಕೀರವ್ವನ ಮಗಳು ಶಂಕ್ರವ್ವನಿಂದ. ಅವಳು ರೋಣದಲ್ಲಿರುವವಳು. ಹುಬ್ಬಳ್ಳಿಯ ನೆಂಟರೊಬ್ಬರು ಆ ಫೋಟೋವನ್ನು ಅವಳ ಮೊಬೈಲಿಗೆ ಕಳಿಸಿದ್ದರು. ಟೆಂಪೋ ಓಡಿಸುವ ಅಣ್ಣನಿಗೆ ಫೋನು ಹತ್ತಲಿಲ್ಲ. ಅವಳು ಸಿಕ್ಕ ಬಸ್ಸು ಹತ್ತಿ ಬಂದಳು. ಬರಿಗೈಯಲ್ಲಿ ಬರಲಿಲ್ಲ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ನೆಂಟರೇ ಬುತ್ತಿ ತರಬೇಕು. ಹಾಗಾಗಿ ರೊಟ್ಟಿ ಮಾರುವ ಮನೆಗೆ ಅವಳು ರೊಟ್ಟಿಯ ಗಂಟು ಹೊತ್ತು, ಓಣಿಯ ತುದಿಯಿಂದಲೇ ಹಾಡಿ ಹಾಡಿ ಅಳುತ್ತ ಬಂದಳು. ಓಣಿಯ ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದರು. ಬಾಗಿಲಿಗೆ ಬಂದು ನೋಡಿದರೆ ಒಳಗೆ ಒಲೆ ಧಗಧಗ ಉರಿಯುತ್ತಿದೆ. ಹೆತ್ತವ್ವ ಸತ್ತರೂ ಇವರ ವ್ಯಾಪಾರ ನಿಂತಿಲ್ಲವಲ್ಲ ಎಂದು ಅವಳ ಅಳು ಬೈಗುಳವಾಯಿತು. ವೈನಿ ಸುವರ್ಣಾಳ ಏಳು ತಲೆಮಾರನ್ನು ಎತ್ತಿ ಆಡತೊಡಗಿದಳು.

ಅಷ್ಟರಲ್ಲಿ ಒಳಗಿನಿಂದ ಕೈ ಹಿಟ್ಟು ಮಾಡಿಕೊಂಡ ಫಕೀರವ್ವ ಬಂದು, "ಯಾರ್ ಹ್ವಾದ್ರು ಶಂಕ್ರೀ?" ಅಂದಳು.

ಶಂಕ್ರವ್ವ ಗಂಟು ಕೆಳಗೆ ಬಿಟ್ಟು ಅಲ್ಲೇ ಕುಸಿದಳು. ನೀರು ಕುಡಿಸಿ, ಬೆನ್ನು ತಿಕ್ಕಿ, ಅವಳ ಮೊಬೈಲು ನೋಡಿದಾಗ ಎಲ್ಲ ತಿಳಿಯಿತು. ಓಣಿಯ ಹೆಂಗಸರು ನಕ್ಕರು, ಸುವರ್ಣಾಳಿಗೂ ನಗು ಬಂತು. ಫಕೀರವ್ವ ಮಾತ್ರ ಮಗಳ ಮೊಬೈಲನ್ನು ದೂರ ಹಿಡಿದು, ಹಾರದ ನಡುವಿನ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸತ್ತರೆ ನಾನು ಹೀಗೆ ಕಾಣುತ್ತೇನೇನು ಎಂದು ಮೆಲ್ಲಗೆ ಕೇಳಿದಳು. ಆ ದಿನ ಅವಳು ಮತ್ತೆ ಹಿಟ್ಟಿಗೆ ಕೈ ಹಾಕಲಿಲ್ಲ.

ಸುವರ್ಣಾ ಚಿದಾನಂದನಿಗೆ ಫೋನು ಮಾಡಿದಳು. ಬರಹ ನಮ್ಮದು, ಫೋಟೋದಲ್ಲಿರುವವರು ನಮ್ಮ ಅತ್ತೆ, ಬದುಕಿದ್ದಾರೆ, ತೆಗೆದುಹಾಕಿರಿ ಎಂದು ಮೆತ್ತಗೇ ಕೇಳಿದಳು. ಅವನ ದನಿಯಲ್ಲಿ ಅಳುಕೆಂಬುದು ಎಳ್ಳಷ್ಟೂ ಇರಲಿಲ್ಲ.

"ಇಂಟರ್‌ನೆಟ್ಟಿನ್ಯಾಗ ಇದ್ದದ್ದು ಗುಡಿ ಗಂಟಿ ಇದ್ದಂಗ್ರಿ ಅಕ್ಕಾರ. ಯಾರ್ ಬೇಕಾದ್ರೂ ಬಾರಸಬಹುದು."

ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಇವನ ನೆವಕ್ಕೆ ದೇವರ ಗುಡಿಯೇ ಬೇಕಾಯಿತು. ಗಂಟೆ ಬಾರಿಸಿದವನು ಗಂಟೆಯನ್ನು ಬಿಚ್ಚಿ ಮನೆಗೆ ಒಯ್ಯುವುದಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ. ಸುವರ್ಣಾಳಿಗೆ ಹೊಳೆಯುವಷ್ಟರಲ್ಲಿ ಅವನು ಫೋನಿಟ್ಟಿದ್ದ.

ಡಿಟಿಪಿ ಅಂಗಡಿಯವನ ಸಹಾಯದಿಂದ ಅವಳು ಎರಡೂ ಪುಟಗಳ ಚಿತ್ರ ತೆಗೆದಿಟ್ಟಳು. ಚಿದಾನಂದನ ವೆಬ್‌ಸೈಟಿಗೆ ಜಾಗ ಕೊಟ್ಟ ಕಂಪನಿಗೆ ದೂರು ಬರೆದಳು. ಯಾರದು ಮೊದಲು ಎಂದು ತೋರಿಸಿರಿ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಇದರ ಸುಳಿವು ಚಿದಾನಂದನಿಗೆ ಹೇಗೋ ಸಿಕ್ಕಿತು. ಮರುದಿನ ಅವನ ಪುಟದ ನೆತ್ತಿಯ ಮೇಲೆ '1987ರಿಂದ ನಿಮ್ಮ ಸೇವೆಯಲ್ಲಿ' ಎಂಬ ಸಾಲು ಮೂಡಿತು, ನಮ್ಮ ದೂರು ಅಲ್ಲಿಗೇ ನಿಂತಿತು. ಆ ವರ್ಷ ಅವನು ಚಡ್ಡಿಯಲ್ಲಿದ್ದ.

ಆ ಚಳಿಗಾಲ ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ತಿಂಡಿ ಮೇಳವೊಂದು ನಡೆಯುವುದಿತ್ತು. ಅಲ್ಲೊಂದು ಸ್ಟಾಲ್ ಸಿಗಲಿ ಎಂದು ಸುವರ್ಣಾ ವರ್ಷದಿಂದ ಕಾದಿದ್ದಳು. ಅರ್ಜಿಯ ಜೊತೆ ನನ್ನ ವಿಳಾಸವನ್ನೂ ಕೊಟ್ಟಿದ್ದಳು. ಮೇಳದ ಮೇಡಂ ಫೋನು ಮಾಡಿ, ನಿಮ್ಮ ಕತೆಯನ್ನು ತವಾಸಿರಿಯವರಿಂದ ಕದ್ದಿದ್ದೀರಿ, ಕದ್ದವರಿಗೆ ಸ್ಟಾಲ್ ಕೊಡುವುದಿಲ್ಲ ಎಂದರು. ಗಾಜಿನ ಅಂಗಡಿಯವನು ಕದಿಯುತ್ತಾನೆಯೇ? ಬೆಟಗೇರಿಯ ಓಣಿಯವಳೇ ಕದ್ದಿರಬೇಕು! ವಿದ್ಯಾವಂತರ ಲೆಕ್ಕ ಯಾವಾಗಲೂ ಇಷ್ಟು ಸಲೀಸು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅವನ ಪುಟ ಮೇಲೆ ಬರುತ್ತಿತ್ತು, ನಾನು ಕೆಳಗೆ. ಮೇಡಂಗೆ ಅಷ್ಟು ಸಾಕ್ಷಿ ಸಾಕಾಯಿತು.

ಸ್ಟಾಲ್ ಹೋದದ್ದಕ್ಕೆ ಸುವರ್ಣಾ ಅಷ್ಟು ನೊಂದುಕೊಳ್ಳಲಿಲ್ಲ. ಕಳ್ಳಿ ಎನಿಸಿಕೊಂಡದ್ದಕ್ಕೆ ಅತ್ತಳು. ತನ್ನ ಅತ್ತೆಯ ಬದುಕನ್ನು ತಾನೇ ಕದ್ದೆನೆಂದು ಯಾರಾದರೂ ಅಂದರೆ ಹೇಗಾಗಬೇಡ? ಡಿಟಿಪಿ ಅಂಗಡಿಯವನು ಸಮಾಧಾನ ಹೇಳಿದ್ದು ಇನ್ನೂ ಚೆಂದ. ಯಾಕೆ ಜಗಳ, ನಿಮ್ಮದನ್ನೇ ಅಳಿಸಿ ಬೇರೆ ಬರೆದುಬಿಡಿರಿ ಎಂದ. ಕಳ್ಳ ಮನೆ ಹೊಕ್ಕಿದ್ದಾನೆ, ನೀವು ಮನೆ ಬಿಟ್ಟು ಹೋಗಿರಿ ಎಂದ ಹಾಗೆ. ಆದರೂ ಸುವರ್ಣಾಳ ಬೆರಳು ನನ್ನನ್ನು ಅಳಿಸುವ ಗುಂಡಿಯ ಮೇಲೆ ಬಂದು ನಿಂತಿತು. ನನಗೆ ಜೀವಭಯ ಗೊತ್ತಾದದ್ದು ಅವತ್ತೇ.

ಫಕೀರವ್ವ ರೊಟ್ಟಿ ಮಗುಚುತ್ತ ಕೇಳಿದಳು: "ಬ್ಯಾರೆ ಬರೀತಿ, ಖರೆ. ನಾ ಬ್ಯಾರೆ ಹೆಂಗ ಬದುಕಿದ್ದೆ ಅಂತ ಬರೀತಿ?"

ಸುವರ್ಣಾ ಬೆರಳು ತೆಗೆದಳು. ನಾನು ಉಳಿದೆ. ಅವಳ ಮೇಲಿನ ಕಳ್ಳತನದ ಮಾತೂ ಉಳಿಯಿತು.

ಇನ್ನು ಮುಂದಿನದು ಚಿದಾನಂದ ತಾನೇ ತೋಡಿಕೊಂಡ ಹೊಂಡ. ಅಣ್ಣಿಗೇರಿಯ ರುದ್ರಗೌಡರು ಮಗಳ ಮದುವೆಗೆ ರೊಟ್ಟಿ ಹೇಳಿದ್ದು ತವಾಸಿರಿಗೆ. ಅವರ ಅಕ್ಕ ನಿಂಬೆವ್ವನವರು ಮನೆಯ ಹಿರಿಯರು. ಮದುವೆಗೆ ಯಾರ ಕೈಯ ಅಡುಗೆ ಬರುತ್ತದೆಂದು ವಿಚಾರಿಸದೆ ಬಿಡುವವರಲ್ಲ. ಮನೆಯವರಿಂದ ಅವನ ಪುಟ ಓದಿಸಿಕೊಂಡರು. 'ಇತ್ತೀಚೆಗೆ ನಮ್ಮನ್ನಗಲಿದ' ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದರು. ಸೂತಕದ ಮನೆಯ ರೊಟ್ಟಿ ಮದುವೆ ಮನೆಗೆ ಬರುವುದೆಂದರೇನು? ಸೂತಕ ಗೀತಕ ನಂಬಬೇಡಿರಿ ಎಂದು ಊರಿಗೆಲ್ಲ ಭಾಷಣ ಮಾಡುವ ರುದ್ರಗೌಡರೂ, ಅಕ್ಕ ಅಂದ ಮೇಲೆ ಮುಗಿಯಿತು ಎಂದು ಚಿದಾನಂದನಿಗೆ ಫೋನು ಮಾಡಿ ಬೇಡವೆಂದರು. ಅವನು ಗಾಬರಿಯಾದ. ಇಲ್ಲ ಇಲ್ಲ, ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ, ಫೋಟೋ ಮಾಡಿದವನ ತಪ್ಪು, ಬೇಕಾದರೆ ನಾಳೆಯೇ ಕರೆತಂದು ತೋರಿಸುತ್ತೇನೆ ಎಂದುಬಿಟ್ಟ. ಅಜ್ಜಿಯನ್ನು ಎಲ್ಲಿಂದ ತರುತ್ತಾನೆ? ಪೇಢೆಯ ಡಬ್ಬಿ ಹಿಡಿದು ಬೆಟಗೇರಿಗೆ ಬಂದ.

ಬಂದು ಅವನು ಬೇಡಿಕೊಂಡ ವೈಖರಿಯನ್ನು ನೀವು ನೋಡಬೇಕಿತ್ತು. ಫಕೀರವ್ವನ ಕಾಲಿಗೆ ಬಿದ್ದ. ಒಂದು ತಾಸು ಬಂದು ಕೂತರೆ ಸಾಕು, ಮಾತಾಡುವುದೇನೂ ಬೇಡ, ಕೆಲಸ ಮುಗಿದ ಮೇಲೆ ಪುಟ ತೆಗೆಯುತ್ತೇನೆ ಎಂದ. ಪುಟ ಮೊದಲು ತೆಗೆಯಿರಿ ಎಂದು ಸುವರ್ಣಾ ಹಟ ಹಿಡಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಇಂಥವನನ್ನು ಹೊಸಿಲು ದಾಟಿಸಬಾರದಿತ್ತು ಎಂದು ನಾನು ಕುದಿಯುತ್ತಿದ್ದೆ. ಆದರೆ ಫಕೀರವ್ವ ಸೆರಗು ಸರಿ ಮಾಡಿಕೊಂಡು ಎದ್ದು, ಸೊಸೆಯೂ ಬರುತ್ತಾಳೆ, ನಡೆ ಅಂದಳು. ಮಾತಾಡಬಾರದು ತಾನೆ, ಆಡುವುದಿಲ್ಲ ಎಂದೂ ಮಾತು ಕೊಟ್ಟಳು.

ಅಣ್ಣಿಗೇರಿಯ ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಎಲ್ಲರೂ ಕೂತರು. ಸುವರ್ಣಾಳ ಅಂಗೈಯಲ್ಲಿ ನಾನು ತೆರೆದುಕೊಂಡಿದ್ದೆ. ಕೆಳಗಿನಿಂದ ನನಗೆ ನಿಂಬೆವ್ವನವರ ಮೂಗುಬೊಟ್ಟು, ಅದರ ಮೇಲೆ ಎರಡು ಚೂಪು ಕಣ್ಣು ಕಾಣುತ್ತಿದ್ದವು. ರುದ್ರಗೌಡರ ಕೈಯಲ್ಲಿ ಚಿದಾನಂದನ ಪುಟವಿತ್ತು. ಆ ಕಳ್ಳಪುಟವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನದೇ ಮಾತುಗಳು ಅಲ್ಲಿ ಬಾಡಿಗೆ ಬಟ್ಟೆ ತೊಟ್ಟು ನಿಂತಿದ್ದವು. ಫಕೀರವ್ವನಿಗೆ ತಟ್ಟೆಯಲ್ಲಿ ಅವಲಕ್ಕಿ ಕೊಟ್ಟರು. ಅವಳು ತಿನ್ನತೊಡಗಿದಳು.

ಇವರೇ ಏನು ನಿಮ್ಮ ಅಜ್ಜಿ ಎಂದು ನಿಂಬೆವ್ವನವರು ಕೇಳಿದರು. ಹೌದ್ರಿ ಎಂದ ಚಿದಾನಂದ. ಹೆತ್ತವ್ವನ ಅವ್ವನೋ, ಅಪ್ಪನ ಅವ್ವನೋ ಎಂದರು. ಅಪ್ಪನ ಅವ್ವ ಎಂದ. ಒಳ್ಳೆಯದು, ಆಯುಷ್ಯ ಗಟ್ಟಿ ಇದೆ ಎಂದು ನಿಂಬೆವ್ವನವರು ತಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡು ಅವನ ಮುಖಕ್ಕೆ ಹಿಡಿದರು.

"ಹಂಗಾರ ಜೀವಂತ ಇದ್ದ ಅಜ್ಜಿಗೆ ಹಾರ ಹಾಕಿದವ್ರು ಯಾರು?"

ಫೋಟೋ ಮಾಡಿದವನು ಎಂದ. ಅಜ್ಜಿ ಹೋದಳೆಂದು ಅವನಿಗೆ ಹೇಳಿದವರು ಯಾರು ಎಂದರು. ಚಿದಾನಂದ ಕೊರಳಪಟ್ಟಿ ಸಡಿಲ ಮಾಡಿಕೊಂಡ. ನಿಂಬೆವ್ವನವರ ದನಿ ಏರಲಿಲ್ಲ. ಸತ್ತವರ ಸೂತಕ ಹತ್ತು ಹನ್ನೆರಡು ದಿನಕ್ಕೆ ಕಳೆಯುತ್ತದೆ, ಬದುಕಿರುವ ಹಿರಿಯರಿಗೆ ಹಾರ ಹಾಕಿದ ಮೊಮ್ಮಗನ ಪಾಪ ಯಾವಾಗ ಕಳೆಯುತ್ತದೆ ಎಂದು ಕೇಳಿದರು. ಅಂಥವನ ಕೈಯ ಒಂದು ತುಣುಕೂ ಈ ಮನೆಗೆ ಬೇಡ, ಮತ್ತು ಇದನ್ನು ನಾನು ನನ್ನ ಬೀಗರ ಊರುಗಳಿಗೆಲ್ಲ ಹೇಳುತ್ತೇನೆ ಎಂದರು.

ಅತ್ತ ದರಿ, ಇತ್ತ ಪುಲಿ. ಫಕೀರವ್ವ ಅವನ ಅಜ್ಜಿಯಾದರೆ ಅವನು ಅಜ್ಜಿಯನ್ನು ಬದುಕಿರುವಾಗಲೇ ಸಾಯಿಸಿದವನು. ಅಜ್ಜಿಯಲ್ಲದಿದ್ದರೆ ಕಳ್ಳ. ಅವನು ಒಮ್ಮೆ ಫಕೀರವ್ವನ ಕಡೆ ನೋಡಿದ, ಏನಾದರೂ ಹೇಳಿ ಕಾಪಾಡಲಿ ಎಂದು. ಅವಳು ಮಾತು ಕೊಟ್ಟವಳು. ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಿನ್ನುತ್ತಿದ್ದಳು. ಊರೂರಿಗೆ ಪಾಪಿ ಎನಿಸಿಕೊಳ್ಳುವುದಕ್ಕಿಂತ ಒಂದು ಪಡಸಾಲೆಯಲ್ಲಿ ಕಳ್ಳನಾಗುವುದು ಲೇಸು ಎಂದು ಅವನಿಗೆ ತೋರಿರಬೇಕು.

"ಇವ್ರು ನಮ್ಮ ಅಜ್ಜಿ ಅಲ್ರಿ. ಫೋಟೋ, ಬರದದ್ದು ಎಲ್ಲಾ ಇವರ ವೆಬ್‌ಸೈಟಿಂದ ತಗೊಂಡಿದ್ದು," ಅಂದ.

ಸುವರ್ಣಾ ಆಗಲೇ ಮೇಳದ ಮೇಡಂಗೆ ಫೋನು ಹಚ್ಚಿ ದನಿ ಜೋರು ಮಾಡಿ ನಡುವೆ ಇಟ್ಟಿದ್ದಳು. ಇನ್ನೊಮ್ಮೆ ಹೇಳಿರಿ ಎಂದಳು. ಅವನು ತೊದಲಿದ. ಹೇಳ್ರಿ, ಬಾಯಿ ಸವೆಯುವುದಿಲ್ಲ ಎಂದು ರುದ್ರಗೌಡರೂ ಗದರಿದರು. ಹೇಳಿದ. ಆ ಕಡೆಯಿಂದ ಮೇಡಂ, ಆಯ್ತು, ಸ್ಟಾಲ್ ಕೊಡುತ್ತೇವೆ ಎಂದರು. ನಮ್ಮದು ತಪ್ಪಾಯಿತು ಎಂಬ ಎರಡು ಪದ ಅವರ ಶಬ್ದಕೋಶದಲ್ಲಿ ಇರಲಿಲ್ಲವೇನೋ. ಸುವರ್ಣಾಳಿಗೆ ಅದರ ಪರಿವೆಯಿಲ್ಲ. ಕಳ್ಳಿ ಎಂಬ ಮಾತು ತಲೆಯ ಮೇಲಿಂದ ಇಳಿದಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಯಾರಿಗೂ ಹೆದರದೆ, ಅಲ್ಲೇ ಅತ್ತುಬಿಟ್ಟಳು.

ಮದುವೆಯ ರೊಟ್ಟಿ ನಮಗೆ ಬಂತೆಂದು ತಿಳಿದಿರೇನು? ನಿಂಬೆವ್ವನವರು ಅದಕ್ಕೂ ಒಪ್ಪಲಿಲ್ಲ. ಯಾರು ಹಾಕಿದರೇನು, ಹಾರ ಬಿದ್ದ ಮುಖ, ಮದುವೆಗೆ ಬೇಡ ಎಂದು ಕೈ ಮುಗಿದು ಕಳಿಸಿದರು. ದೊಡ್ಡವರ ನ್ಯಾಯ ಅಷ್ಟೇ ದೊಡ್ಡದು. ಆ ಮದುವೆಯಲ್ಲಿ ಪೂರಿ ಮಾಡಿಸಿದರಂತೆ, ತಿಂದವರ ಹೊಟ್ಟೆ ಕೆಟ್ಟಿತಂತೆ. ನಾನೇನೂ ಸಂತೋಷಪಡಲಿಲ್ಲ. ಸ್ವಲ್ಪ ಪಟ್ಟೆ.

ಚಿದಾನಂದ ಅವರನ್ನು ಅಲ್ಲೇ ಬಿಟ್ಟು ಕಾರು ಓಡಿಸಿಕೊಂಡು ಹೋದ. ಅತ್ತೆ ಸೊಸೆ ಬಸ್ಸಿನಲ್ಲಿ ಬಂದರು. ಅಷ್ಟು ಹೊತ್ತು ಒಂದು ಮಾತೂ ಆಡದೆ ಹೇಗೆ ಕೂತೆ ಎಂದು ಸುವರ್ಣಾ ಕೇಳಿದಳು. ಆಡಬೇಡ ಅಂದಿದ್ದನಲ್ಲ, ಅವಲಕ್ಕಿಯೂ ಚಲೋ ಇತ್ತು ಅಂದಳು ಫಕೀರವ್ವ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಇನ್ನು ಮುಂದೆ ಆ ಫೋಟೋ ನೋಡಿದರೆ ನನಗೆ ಹಾರವೇ ಕಾಣುತ್ತದೆ, ಬೇರೆ ತೆಗೆ ಎಂದಳು. ಸುವರ್ಣಾ ಹೊಸದು ತೆಗೆದು ನನಗೆ ಹಾಕಿದಳು. ಅದರಲ್ಲಿ ಮುದುಕಿ ನಗುತ್ತಿಲ್ಲ. ಅವನು ಕದ್ದು ಹಿಂದಕ್ಕೆ ಕೊಡಲಾರದ್ದು ಆ ನಗುವೊಂದೇ, ಅದಕ್ಕಾಗಿ ನಾನು ಅವನನ್ನು ಕ್ಷಮಿಸಿಲ್ಲ.

ಈಗ ನನಗೆ ವಯಸ್ಸಾಗಿದೆ. ಜನ ಮೊಬೈಲಿನಲ್ಲೇ ಸಂದೇಶ ಕಳಿಸಿ ರೊಟ್ಟಿ ತರಿಸಿಕೊಳ್ಳುತ್ತಾರೆ. ನನ್ನನ್ನು ತೆರೆದು ಓದುವವರು ಅಪರೂಪ. ಅಕ್ಷರಗಳು ಹೊಸ ಮೊಬೈಲುಗಳಲ್ಲಿ ಅಂಚು ಮೀರಿ ಹೊರಗೆ ಚಾಚುತ್ತವೆ. ಸುವರ್ಣಾ ಹೊಸ ವೆಬ್‌ಸೈಟು ಮಾಡಿಸಿದರೂ ನನ್ನನ್ನು ಕೆಡವಲಿಲ್ಲ, ಒಂದು ಮೂಲೆಯಲ್ಲಿ ಇಟ್ಟಿದ್ದಾಳೆ. ಅಲ್ಲಿ ಸದ್ದಿಲ್ಲ, ಕೆಲಸವೂ ಇಲ್ಲ. ಹೊತ್ತು ಹೋಗದಿದ್ದಾಗ ನೆರೆಹೊರೆ ನೋಡುತ್ತೇನೆ.

ಚಿದಾನಂದ ಪುಟದಿಂದ ನಮ್ಮದನ್ನೆಲ್ಲ ಅವತ್ತೇ ಅಳಿಸತೊಡಗಿದ. ಹೆದರಿ ಒಂದೊಂದೇ ಸಾಲು ತೆಗೆಯುತ್ತ ಹೋದ, ಬುಟ್ಟಿ ಹೋಯಿತು, ಬಸ್ಸು ಹೋಯಿತು, ಅಜ್ಜಿ ಹೋದಳು, 1987 ಕೂಡ ಹೋಯಿತು. ಗಾಜಿನ ಅಂಗಡಿ ಇನ್ನೂ ಇದೆ, ಯಂತ್ರಗಳು ಈಗ ಮೂರಾಗಿವೆ. ವೆಬ್‌ಸೈಟಿನಲ್ಲಿ ಈಗಲೂ ದಪ್ಪಕ್ಷರದಲ್ಲಿ 'ನಮ್ಮ ಬಗ್ಗೆ' ಎಂದಿದೆ. ಅದರ ಕೆಳಗೆ ಬರೀ ಬಿಳಿ. ಇಷ್ಟು ವರ್ಷಗಳಲ್ಲಿ ತನ್ನ ಬಗ್ಗೆ ಬರೆದುಕೊಳ್ಳಲು ಅವನಿಗೆ ಒಂದು ಸಾಲೂ ಸಿಕ್ಕಿಲ್ಲ. ಪಾಪ ಅನ್ನಬೇಕೆನಿಸುತ್ತದೆ. ಅನ್ನುವುದಿಲ್ಲ.